ಆರ್ಕ್ಟಿಕ್ ಹೆಬ್ಬಾತು ಮರಿಗಳಿಗೆ ಎಣ್ಣೆ ಕುತ್ತೋ, ಎಂಜಲು ಕುತ್ತೋ?

ಹಕ್ಕಿನೋಟ, ಮೈಸೂರು:
ನಮ್ಮ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ರಾತ್ರಿ ಶುರುವಾದ ಜಗಳ ಅಡ್ಮಿನ್ ಬೈದದ್ದರಿಂದ ಅರ್ಧಕ್ಕೇ ನಿಂತಿತು. ಹಾಗಾಗಿ ಇಲ್ಲಿಗೆ ತಂದಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಲಾಸ್ಕಾದ ಉತ್ತರ ಅಂಚಿನಲ್ಲಿ ನಾರ್ತ್ ಸ್ಲೋಪ್ ಅಂತ ಮರವೇ ಇಲ್ಲದ ಬಯಲು ಇದೆ, ಎಲ್ಲಿ ನೋಡಿದರೂ ಕೆರೆ, ಜೌಗು, ಹುಲ್ಲು. 1968ರಲ್ಲಿ ಅಲ್ಲಿನ ಪ್ರೂಡೋ ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿತು. 1977ರಿಂದ ಆ ಎಣ್ಣೆ ಸುಮಾರು 1,300 ಕಿ.ಮೀ. ಉದ್ದದ ಕೊಳವೆಯಲ್ಲಿ ದಕ್ಷಿಣದ ವಾಲ್ಡೀಸ್ ಬಂದರಿಗೆ ಹರಿಯುತ್ತಿದೆ. ಅದೇ ಬಯಲಿನಲ್ಲಿ ಜೂನ್ ಬಂತೆಂದರೆ ಬ್ರ್ಯಾಂಟ್ ಅನ್ನುವ ಹೆಬ್ಬಾತು, ಬಿಳಿಹಣೆ ಹೆಬ್ಬಾತು, ಹಿಮ ಹೆಬ್ಬಾತು ಎಲ್ಲವೂ ನೆಲದ ಮೇಲೆ ಗೂಡು ಮಾಡುತ್ತವೆ. 2023ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ಕೊನೊಕೊಫಿಲಿಪ್ಸ್ ಕಂಪನಿ ಅಲ್ಲಿ ಎಣ್ಣೆ ತೆಗೆಯುವ ವಿಲ್ಲೋ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮಾರನೇ ವರ್ಷ ಅದೇ ಸರ್ಕಾರ ಪಕ್ಕದ 1.3 ಕೋಟಿ ಎಕರೆಯಲ್ಲಿ ಎಣ್ಣೆ ಕೆಲಸಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿತು. 2025ರಲ್ಲಿ ಹೊಸ ಸರ್ಕಾರ ಬಂದು ಆ ನಿಯಮ ಕಿತ್ತು ಹಾಕಿತು.

ಗುಂಪಿನಲ್ಲಿ ಒಬ್ಬರು "ಹೆಬ್ಬಾತುಗಳ ವಂಶ ಮುಗೀತು" ಅಂದರು. ಇನ್ನೊಬ್ಬರು "ಎಣ್ಣೆ ತೆಗೆದು ಐವತ್ತು ವರ್ಷ ಆಯ್ತು, ಹೆಬ್ಬಾತು ಜಾಸ್ತೀನೇ ಆಗಿವೆ" ಅಂದರು. ಯಾರ ಮಾತು ನಿಜ? ಪೋಸ್ಟರ್ ಮಾತು ಬೇಡ, ತಿಳಿದವರು ಹೇಳಿ.

ಲೆಕ್ಕದ ಮೇಷ್ಟ್ರು, ತುಮಕೂರು:
ನಾನು ಎರಡನೆಯವರ ಪಕ್ಷ. ಹಿಮ ಹೆಬ್ಬಾತಿನ ಸಂಖ್ಯೆ ಕಳೆದ ಕೆಲವು ದಶಕಗಳಲ್ಲಿ ಎಷ್ಟು ಏರಿದೆ ಅಂದರೆ, ಕೆನಡಾದ ಹಡ್ಸನ್ ಕೊಲ್ಲಿಯ ದಡದ ಹುಲ್ಲನ್ನು ಬೇರು ಸಮೇತ ಕಿತ್ತು ತಿಂದು ನೆಲವನ್ನೇ ಬರಡು ಮಾಡಿಟ್ಟಿವೆ. 1999ರಿಂದ ಅಮೆರಿಕದಲ್ಲಿ ಇವನ್ನು ಕಡಿಮೆ ಮಾಡಲೆಂದೇ ಬೇಟೆಯ ನಿಯಮ ಸಡಿಲಿಸಿದ್ದಾರೆ. ಅಲಾಸ್ಕಾದ ಕಾಲ್ವಿಲ್ ನದಿ ಸಮುದ್ರ ಸೇರುವ ಜಾಗದಲ್ಲೂ ಹಿಮ ಹೆಬ್ಬಾತಿನ ಗೂಡುಗಳು ಬೆರಳೆಣಿಕೆಯಿಂದ ಸಾವಿರಗಳಿಗೆ ಹೋಗಿವೆ. ಗಮನಿಸಿ, 2000ದಿಂದ ಎಣ್ಣೆ ತೆಗೆಯುತ್ತಿರುವ ಆಲ್ಪೈನ್ ತೈಲಕ್ಷೇತ್ರ ಇರುವುದೂ ಅಲ್ಲೇ. ಎಣ್ಣೆ ಬಂದ ಕಡೆ ಹಕ್ಕಿ ಹೋಗಬೇಕಿತ್ತಲ್ಲ?

ಉಪ್ಪಿನಕಾಯಿ:
ಇಲ್ಲಿ ಪೆಟ್ರೋಲ್ ನೂರು ದಾಟಿ ಯಾವ ಕಾಲ ಆಯ್ತು. ನೀವು ಅಲಾಸ್ಕಾದ ಬಾತುಕೋಳಿ ಲೆಕ್ಕ ಹಾಕ್ತಾ ಕೂತಿದೀರಿ 😄

ಸುಮಾ, ಶಿರಸಿ:
ಬಾತುಕೋಳಿ ಅಲ್ಲ ಮಾರಾಯ, ಹೆಬ್ಬಾತು.

ಮೇಷ್ಟ್ರೇ, ನೀವು ಎಣಿಸಿದ್ದು ಬೆಳೆದ ಹಕ್ಕಿಗಳನ್ನು. ಹೆಬ್ಬಾತು ಇಪ್ಪತ್ತು ವರ್ಷವೂ ಬದುಕಬಲ್ಲ ಹಕ್ಕಿ. ಹತ್ತು ವರ್ಷ ಒಂದು ಮರಿಯೂ ಉಳಿಯದಿದ್ದರೂ ಕೆರೆಯ ಮೇಲೆ ಹಕ್ಕಿಗಳು ಕಾಣುತ್ತಲೇ ಇರುತ್ತವೆ. ಮಕ್ಕಳು ಬೆಂಗಳೂರು ಸೇರಿದ ಮೇಲೂ ನಮ್ಮ ಮಲೆನಾಡಿನ ಮನೆಗಳಲ್ಲಿ ದೀಪ ಉರಿಯುತ್ತಿರುತ್ತದಲ್ಲ, ಹಾಗೆ. ಹಿಮ ಹೆಬ್ಬಾತು ಹೆಚ್ಚಿದ್ದಕ್ಕೆ ಕಾರಣವೂ ಆರ್ಕ್ಟಿಕ್‌ನಲ್ಲಿಲ್ಲ. ಚಳಿಗಾಲದಲ್ಲಿ ಅವು ಇಳಿಯುವ ಅಮೆರಿಕದ ದಕ್ಷಿಣದಲ್ಲಿ ಭತ್ತ, ಮೆಕ್ಕೆಜೋಳದ ಕೊಯ್ಲಾದ ಗದ್ದೆಗಳು ಸಾವಿರಾರು ಎಕರೆ ಬಿದ್ದಿರುತ್ತವೆ. ತಿಂದು ಕೊಬ್ಬಿ ಹೋಗುತ್ತವೆ. ಬ್ರ್ಯಾಂಟ್‌ಗೆ ಆ ಭಾಗ್ಯ ಇಲ್ಲ, ಅದು ಕಡಲಹುಲ್ಲು ನೆಚ್ಚಿಕೊಂಡ ಹಕ್ಕಿ. ಒಂದು ಜಾತಿಯ ಲೆಕ್ಕ ತೋರಿಸಿ ಎಲ್ಲ ಹೆಬ್ಬಾತೂ ಸುಖವಾಗಿವೆ ಅನ್ನುವುದು ಸರಿ ಬರಲ್ಲ.

ಎಣ್ಣೆ ಕೆಲಸ ಎಲ್ಲಿ ತಟ್ಟುತ್ತೆ ಅಂತ ತಿಳಿಯಬೇಕಾದರೆ ಗೂಡಿನ ಹತ್ತಿರ ಹೋಗಬೇಕು. ಬ್ರ್ಯಾಂಟ್ ಹೆಣ್ಣು ಸುಮಾರು 24 ದಿನ ಕಾವು ಕೂರುತ್ತದೆ. ಗಂಡು ಕಾವು ಕೂರುವುದಿಲ್ಲ, ಪಕ್ಕದಲ್ಲಿ ನಿಂತು ಕಾಯುತ್ತದೆ, ಅಷ್ಟೆ. ಹೆಣ್ಣು ದಕ್ಷಿಣದಿಂದ ಹೊತ್ತು ತಂದ ಮೈಕೊಬ್ಬನ್ನು ಕರಗಿಸುತ್ತಾ ಕೂರುತ್ತದೆ. ದಿನಕ್ಕೆ ಕೆಲವೇ ಸಲ, ಸ್ವಲ್ಪ ಹೊತ್ತು ಮೇಯಲು ಏಳುತ್ತದೆ. ಏಳುವ ಮೊದಲು ಎದೆಯಿಂದ ಕಿತ್ತಿಟ್ಟ ಬೂದು ತುಪ್ಪುಳವನ್ನು ಕೊಕ್ಕಿನಿಂದ ಎಳೆದು ಮೊಟ್ಟೆಗಳ ಮೇಲೆ ಹೊದಿಸುತ್ತದೆ, ನಾವು ಹಿಟ್ಟಿನ ಪಾತ್ರೆಗೆ ಬಟ್ಟೆ ಮುಚ್ಚುವ ಹಾಗೆ. ಆಗ ಮೊಟ್ಟೆ ತಣಿಯುವುದಿಲ್ಲ, ಮೇಲಿನಿಂದ ನೋಡುವವರಿಗೆ ಕಾಣುವುದೂ ಇಲ್ಲ.

ಈಗ ಹೆಲಿಕಾಪ್ಟರ್ ಬಂತು, ಅಥವಾ ಸರ್ವೆಯವರು ನಡೆದು ಬಂದರು ಅಂತಿಟ್ಟುಕೊಳ್ಳಿ. ಹಕ್ಕಿ ದಿಗ್ಗನೆ ಎದ್ದು ಹೋಗುತ್ತದೆ, ಮುಚ್ಚುವಷ್ಟು ಪುರುಸೊತ್ತು ಇರಲ್ಲ. ಬೂದು ಬಯಲಿನಲ್ಲಿ ನಾಲ್ಕು ಬಿಳಿ ಮೊಟ್ಟೆ. ಗಲ್ ಅನ್ನುವ ಕಡಲಹಕ್ಕಿಗೆ ಅಷ್ಟು ಸಾಕು. ಒಂದು ತೊಟ್ಟು ಎಣ್ಣೆ ಸೋರಿರುವುದಿಲ್ಲ, ಆದರೂ ಗೂಡು ಹೋಯಿತು.

ಪೈಪ್‌ಲೈನ್ ಪಾಟೀಲ, ಹ್ಯೂಸ್ಟನ್:
ಮೂಲ ಹುಬ್ಬಳ್ಳಿ. ಪ್ರೂಡೋದಲ್ಲಿ ಒಬ್ಬ ಕಾಂಟ್ರ್ಯಾಕ್ಟರ್ ಕೈಕೆಳಗೆ ಎರಡು ಬೇಸಿಗೆ ಕೆಲಸ ಮಾಡೇನಿ. ಇಲ್ಲಿ ಕೆಲವರ ಮಾತು ಕೇಳಿದರೆ ನಾವೆಲ್ಲ ಹೆಬ್ಬಾತಿನ ಕತ್ತು ಹಿಚುಕೋಕೆ ಹೋದ ಹಾಗಿದೆ.

ಅಲ್ಲಿ ದಾರಿ ಮೇಲೆ ಹಕ್ಕಿಗೇ ಮೊದಲ ಹಕ್ಕು. ಜುಲೈ ಮೊದಲ ವಾರ, ಒಂದು ಜೋಡಿ ಬಿಳಿಹಣೆ ಹೆಬ್ಬಾತು ಐದು ಮರಿ ಕಟ್ಟಿಕೊಂಡು ಗರಸು ರಸ್ತೆ ಹತ್ತಿತು. ಮುಂದೆ ತಾಯಿ, ಹಿಂದೆ ತಂದೆ, ನಡುವೆ ಹಳದಿ-ಹಸಿರು ಉಂಡೆಗಳು. ರಸ್ತೆ ನಡುವೆ ಬಂದು ಒಂದು ಮರಿ ಕೂತೇಬಿಡ್ತು. ನಮ್ಮ ಹಿಂದೆ ಆರು ಗಾಡಿ, ಒಂದು ದೊಡ್ಡ ಟ್ಯಾಂಕರ್. ಹಾರ್ನ್ ಒಬ್ಬನೂ ಹೊಡೀಲಿಲ್ಲ. ಹಾರ್ನ್ ಹೊಡೆದವನಿಗೆ ಸಂಜೆ ಸೂಪರ್‌ವೈಸರ್ ಹತ್ತಿರ ಪೂಜೆ. ತಂದೆ ಹಿಂದೆ ಬಂದು ಕೊಕ್ಕಿಂದ ಒಂದು ತಿವಿತ ತಿವಿದ ಮೇಲೆ ಅದು ಎದ್ದು ಓಡಿತು. ಹನ್ನೊಂದು ನಿಮಿಷ ನಿಂತಿದ್ದೆವು, ಗಡಿಯಾರ ನೋಡೇನಿ.

ಭಾರಿ ಕೆಲಸ ಎಲ್ಲ ಚಳಿಗಾಲದಲ್ಲಿ. ಕೆರೆ ನೀರು ಸುರಿದು ಮಂಜಿನ ರಸ್ತೆ ಮಾಡ್ತಾರೆ, ಬೇಸಿಗೆಗೆ ಅದು ಕರಗಿ ಹೋಗ್ತದೆ, ಗುರುತು ಸಹ ಹೆಚ್ಚು ಉಳಿಯಲ್ಲ. ಆಗ ಹಕ್ಕಿಗಳು ಮೆಕ್ಸಿಕೋದಲ್ಲಿ ಇರ್ತಾವ. 2006ರ ಮಾರ್ಚ್‌ನಲ್ಲಿ ಪ್ರೂಡೋದ ತುಕ್ಕು ಹಿಡಿದ ಕೊಳವೆ ಸೋರಿ 2 ಲಕ್ಷ ಗ್ಯಾಲನ್ ಮೇಲೆ ಎಣ್ಣೆ ಹೋಯ್ತು, ನಾರ್ತ್ ಸ್ಲೋಪ್‌ನ ಅತಿ ದೊಡ್ಡ ಸೋರಿಕೆ ಅದು. ಆದರೆ ಹಿಮದ ಮೇಲೆ ಬಿದ್ದಿತ್ತು, ಹಕ್ಕಿ ಬರೋದರೊಳಗೆ ಕೆರೆದು ತೆಗೆದರು.

ಹಕ್ಕಿನೋಟ, ಮೈಸೂರು:
ಪಾಟೀಲರೇ, ಮಾರ್ಚ್‌ನಲ್ಲಿ ಸೋರಿದ್ದು ಅದೃಷ್ಟ, ವ್ಯವಸ್ಥೆ ಅಲ್ಲ. ಅದೇ ಕೊಳವೆ ಜೂನ್ 20ಕ್ಕೆ ಸೋರಿದ್ದರೆ? ಮೊಟ್ಟೆಯ ಚಿಪ್ಪಿನ ಮೇಲೆ ಒಂದು ಹನಿಗಿಂತ ಕಡಿಮೆ ಕಚ್ಚಾ ಎಣ್ಣೆ ತಾಗಿದರೂ ಒಳಗಿನ ಮರಿ ಸಾಯಬಹುದು ಅಂತ ಬಾತಿನ ಮೊಟ್ಟೆಗಳ ಮೇಲಿನ ಪ್ರಯೋಗಗಳಲ್ಲಿ ಎಂದೋ ಗೊತ್ತಾಗಿದೆ. ತಾಯಿ ಎದೆಗೆ ಎಣ್ಣೆ ಮೆತ್ತಿಕೊಂಡು ಬಂದು ಕಾವು ಕೂತರೆ ಮುಗಿಯಿತು. ಹುಟ್ಟಿದ ಮರಿಗಾದರೂ ಮೈಮೇಲೆ ಇರುವುದು ತುಪ್ಪುಳ ಒಂದೇ. ಅದು ಅಂಟಿಕೊಂಡರೆ ಆರ್ಕ್ಟಿಕ್ ಚಳಿಯಲ್ಲಿ ಎಷ್ಟು ಹೊತ್ತು ಬದುಕೀತು.

ಪೈಪ್‌ಲೈನ್ ಪಾಟೀಲ, ಹ್ಯೂಸ್ಟನ್:
ಒಪ್ಪಿದೆ, ಆದರೆ ಅದು "ಹಾಗಾಗಿದ್ದರೆ" ಅನ್ನೋ ಮಾತು. ಆಗಿದ್ದು ಏನು ಅಂತ ಹೇಳಿ.

ಆಗಿದ್ದು ನಾನೇ ಹೇಳ್ತೇನಿ, ಪಕ್ಷಪಾತ ಬೇಡ. ನಮ್ಮ ಕ್ಯಾಂಪಿನ ಊಟದ ಮನೆ ಹಿಂದೆ ದೊಡ್ಡ ಕಬ್ಬಿಣದ ಕಸದ ಡಬ್ಬ ಇತ್ತು, ಮುಚ್ಚಳ ಇತ್ತು, "ಮುಚ್ಚಿ" ಅಂತ ಬೋರ್ಡೂ ಇತ್ತು. ಆ ಕೊರೆಯೋ ಚಳಿಯಲ್ಲಿ ಪಾಪ ಯಾರು ಗಟ್ಟಿಯಾಗಿ ಮುಚ್ಚತಾರೆ. ರೇವನ್ ಅಂತ ನಮ್ಮ ಕಾಗೆಗಿಂತ ಎರಡು ಪಟ್ಟು ದೊಡ್ಡ ಕರಿ ಹಕ್ಕಿ ಅದ, ಅದು ಮುಚ್ಚಳದ ಸಂದಿಗೆ ಕೊಕ್ಕು ಹಾಕಿ ಬ್ರೆಡ್ ಚೀಲ ಎಳೀತಿತ್ತು. ಕೆಳಗೆ ಹಿಮನರಿ ಕೂತು ಅದು ಬೀಳಿಸಿದ್ದನ್ನ ತಿಂತಿತ್ತು. ಗುತ್ತಿಗೆಗೆ ಕೊಟ್ಟ ಹಾಗೆ! ಆ ನರಿ ಕ್ಯಾಂಪಿನ ಅಡಿಯಲ್ಲೇ ಮರಿ ಹಾಕಿತ್ತು. ರೇವನ್ ಗೂಡು ಕೊಳವೆ ಸೇತುವೆಯ ಕಬ್ಬಿಣದ ಮೇಲೆ. ನಾವೆಲ್ಲ ಫೋಟೋ ತೆಗೆದು ಮನೆಗೆ ಕಳಿಸಿದ್ದೇ ಕಳಿಸಿದ್ದು.

ಸುಮಾ, ಶಿರಸಿ:
ಪಾಟೀಲರು ಗೊತ್ತಿದ್ದೋ ಗೊತ್ತಿಲ್ಲದೆಯೋ ಇಡೀ ಚರ್ಚೆಯ ಕೀಲಿಕೈ ಕೊಟ್ಟುಬಿಟ್ಟರು.

ರೇವನ್‌ಗೆ ಗೂಡು ಕಟ್ಟಲು ಬಂಡೆಯೋ ಮರವೋ, ಎತ್ತರದ ಜಾಗ ಬೇಕು. ಕಡಲಂಚಿನ ಆ ಸಪಾಟು ಬಯಲಿನಲ್ಲಿ ಅಂಥದ್ದು ಇರಲಿಲ್ಲ, ಹಾಗಾಗಿ ಅದು ಅಲ್ಲಿ ಸಂಸಾರ ಹೂಡುತ್ತಿರಲಿಲ್ಲ. ಕಬ್ಬಿಣದ ಕಟ್ಟಡ ನಿಂತಿತು, ರೇವನ್ ಬಂತು.

ನರಿಯ ಕಥೆ ಇನ್ನೂ ಸೂಕ್ಷ್ಮ. ಹಿಮನರಿಯ ಮುಖ್ಯ ಊಟ ಲೆಮ್ಮಿಂಗ್ ಅನ್ನುವ ಇಲಿಯಂಥ ಪ್ರಾಣಿ. ಲೆಮ್ಮಿಂಗ್ ಸಂಖ್ಯೆ ಕೆಲವು ವರ್ಷಕ್ಕೊಮ್ಮೆ ಉಕ್ಕುತ್ತದೆ, ಆಮೇಲೆ ನೆಲಕಚ್ಚುತ್ತದೆ. ಉಕ್ಕಿದ ವರ್ಷ ನರಿಗೆ ಹಬ್ಬ, ಹೆಬ್ಬಾತಿನ ಕಡೆ ತಿರುಗಿಯೂ ನೋಡುವುದಿಲ್ಲ. ನೆಲಕಚ್ಚಿದ ವರ್ಷ ಹೆಬ್ಬಾತಿನ ಮೊಟ್ಟೆ ಸೂರೆ. ಆದರೆ ಹಸಿವಿನಿಂದ ಆ ಚಳಿಗಾಲ ಬಹಳ ನರಿಗಳು ಸಾಯುತ್ತವೆ, ಮುಂದಿನ ಬೇಸಿಗೆಗೆ ಹಕ್ಕಿಗಳಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಸಾವಿರಾರು ವರ್ಷದಿಂದ ನಡೆದು ಬಂದ ಲೆಕ್ಕ ಇದು. ಈಗ ನಡುವೆ ಕಸದ ಡಬ್ಬ ಬಂತು. ಸಾಯಬೇಕಿದ್ದ ನರಿ ಸಾಯಲಿಲ್ಲ. ಜೂನ್‌ಗೆ ಡಬ್ಬದ ಊಟ ಉಂಡ ನರಿ, ಕರಡಿ, ಗಲ್, ರೇವನ್ ಎಲ್ಲವೂ ಮೊಟ್ಟೆಗೆ ಹಾಜರು.

ಇದನ್ನೇ 2003ರಲ್ಲಿ ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ತನ್ನ ದೊಡ್ಡ ವರದಿಯಲ್ಲಿ ಹೇಳಿದ್ದು. ಕಸ ತಿಂದು ಹೆಚ್ಚಿದ ಬೇಟೆಗಾರ ಪ್ರಾಣಿಗಳಿಂದ ತೈಲಕ್ಷೇತ್ರದೊಳಗೆ ಕೆಲವು ಹಕ್ಕಿಗಳ ಸಂತಾನ, ಕೆಲವು ವರ್ಷಗಳಲ್ಲಾದರೂ, ಸಾಯುವವುಗಳ ಜಾಗ ತುಂಬುವಷ್ಟೂ ಆಗುತ್ತಿಲ್ಲ ಅಂತ. ಹೊರಗಿನಿಂದ ಹಕ್ಕಿ ಬಂದು ಸೇರುತ್ತಿರುವುದರಿಂದ ಸಂಖ್ಯೆ ಇದ್ದಂತೆಯೇ ಕಾಣಬಹುದು. ಸೋರುವ ಕೊಡಕ್ಕೆ ನಲ್ಲಿ ಬಿಟ್ಟ ಹಾಗೆ. ಮೇಷ್ಟ್ರೇ, ನಿಮ್ಮ ಲೆಕ್ಕಕ್ಕೆ ಉತ್ತರ ಅಲ್ಲಿದೆ.

ಲೆಕ್ಕದ ಮೇಷ್ಟ್ರು, ತುಮಕೂರು:
ವರದಿ ನನಗೂ ಗೊತ್ತು. ಅದರಲ್ಲಿ "ಕೆಲವು ಹಕ್ಕಿ", "ಕೆಲವು ವರ್ಷ" ಅನ್ನುವ ಮಾತಿಗೆ ಬೆಲೆ ಇದೆ, ಅದನ್ನು ನುಂಗಬೇಡಿ. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಇದೇ ಬಯಲಿನ ಗೂಡುಗಳನ್ನು ಹಲವು ವರ್ಷ ನೋಡಿದ್ದಾರೆ. ಲ್ಯಾಪ್‌ಲ್ಯಾಂಡ್ ಲಾಂಗ್‌ಸ್ಪರ್ ಅನ್ನುವ ಗುಬ್ಬಿ ಗಾತ್ರದ ಹಕ್ಕಿಯ ಗೂಡು ಕಟ್ಟಡಗಳಿಂದ 5 ಕಿ.ಮೀ. ಒಳಗಿದ್ದರೆ ಉಳಿಯುವ ಸಂಭವ ಕಡಿಮೆ ಅಂತ ಗೊತ್ತಾಯಿತು. ಆದರೆ ಉದ್ದ ಕಾಲಿನ ಜೌಗುಹಕ್ಕಿಗಳಲ್ಲಿ ಒಟ್ಟಾರೆ ಅಂಥ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಒಂದು ಹಕ್ಕಿಗೆ ಆದದ್ದು ಎಲ್ಲಕ್ಕೂ ಆಗುತ್ತೆ ಅಂತ ಇಲ್ಲ. ಹಿಮ ಹೆಬ್ಬಾತಿನ ವಿಷಯದಲ್ಲಿ ನೀವೇ ನನಗೆ ಹೇಳಿದ ಪಾಠ ಇದು.

ಸುಮಾ, ಶಿರಸಿ:
ಸರಿ, ಒಪ್ಪಿದೆ 🙏 ಆದರೆ ಹೆಬ್ಬಾತಿನದೇ ಉದಾಹರಣೆ ಬೇಕಿದ್ದರೆ ಹೌ ದ್ವೀಪ ನೋಡಿ. ಪ್ರೂಡೋ ಪಕ್ಕದ ಸಾಗವನಿರ್ಕ್ಟೊಕ್ ನದಿ ಮುಖದ ಪುಟ್ಟ ದ್ವೀಪ, ಹಿಮ ಹೆಬ್ಬಾತು ಮತ್ತು ಬ್ರ್ಯಾಂಟ್‌ಗಳ ಗೂಡಿನ ನೆಲೆ. 1980ರ ದಶಕದಲ್ಲಿ ಹತ್ತಿರದಲ್ಲೇ ಎಂಡಿಕಾಟ್ ತೈಲಕ್ಷೇತ್ರ ಬಂತು. 1990ರ ದಶಕದ ಕೆಲವು ವರ್ಷ ನರಿ, ಕರಡಿ ನುಗ್ಗಿ ಬಹುಪಾಲು ಗೂಡು ಬರಿದು ಮಾಡಿದವು. ದ್ವೀಪದಲ್ಲಿ ಗೂಡು ಮಾಡುವುದೇ ನರಿಯಿಂದ ತಪ್ಪಿಸಿಕೊಳ್ಳಲು. ಮಂಜು ಕರಗುವ ಮೊದಲೇ ಒಂದೇ ಒಂದು ನರಿ ದಾಟಿ ಬಂದು ದ್ವೀಪದಲ್ಲಿ ಉಳಿದುಕೊಂಡರೂ ಸಾಕು, ಆ ವರ್ಷದ ಮರಿಗಳ ಕಥೆ ಅಷ್ಟೇ.

ಕೆರೆದಂಡಿ ಬಸಣ್ಣ, ಗದಗ:
ನಡುವ ಬಾಯಿ ಹಾಕಿದ್ದಕ್ಕ ಕ್ಷಮಸ್ರಿ. ನಮ್ಮ ಮಾಗಡಿ ಕೆರಿಗೆ ವರ್ಷಾ ದೀಪಾವಳಿ ಮುಗದ ಮ್ಯಾಲ ಪಟ್ಟಿತಲಿ ಹೆಬ್ಬಾತ ಬರ್ತಾವ. ಹಗಲೆಲ್ಲಾ ಕೆರ್ಯಾಗ ತೇಲಕೋಂತ ಇರ್ತಾವ, ರಾತ್ರಿ ಶೇಂಗಾ, ಕಡ್ಲಿ ಹೊಲಕ್ಕ ಇಳೀತಾವ. ಹೊಲದವ್ರು ಬೈತಾರ, ಊರಿನವ್ರು ಹೆಮ್ಮಿ ಪಡತಾರ. 2024ರಾಗ ನಮ್ಮ ಕೆರಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರೇತಿ. ಇವು ನೀವ ಹೇಳೂ ಎಣ್ಣಿ ಊರಿಂದ ಬರ್ತಾವೇನ್ರಿ?

ಹಕ್ಕಿನೋಟ, ಮೈಸೂರು:
ಇಲ್ಲ ಬಸಣ್ಣ, ನಿಮ್ಮವು ಬೇರೆ ಮನೆಯವು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟದ್ದು ನಮ್ಮ ಮೈಸೂರು ಕಡೆಯ ಕೆರೆಗಳಲ್ಲೂ ಸಿಕ್ಕಿವೆ. ಅಲಾಸ್ಕಾದ ಬ್ರ್ಯಾಂಟ್‌ಗಳು ಅಮೆರಿಕದ ಪಶ್ಚಿಮ ದಡ ಹಿಡಿದು ಮೆಕ್ಸಿಕೋ ಕಡೆ ಇಳಿಯುತ್ತವೆ.

ಉಪ್ಪಿನಕಾಯಿ:
ಹಾಗಾದರೆ ನಮಗೂ ಅದಕ್ಕೂ ಸಂಬಂಧ ಇಲ್ಲ ಅಂತ ನೀವೇ ಒಪ್ಪಿದಂಗಾಯ್ತು.

ಹಕ್ಕಿನೋಟ, ಮೈಸೂರು:
ಸಂಬಂಧ ಇದ್ದರೆ ಮಾತ್ರ ಮಾತಾಡಬೇಕು ಅಂದರೆ ನೀವು ಕ್ರಿಕೆಟ್ ಥ್ರೆಡ್‌ನಲ್ಲಿ ಆಸ್ಟ್ರೇಲಿಯಾ ತಂಡದ ಆಯ್ಕೆ ಬಗ್ಗೆ ನಲವತ್ತು ಕಮೆಂಟ್ ಹಾಕುವಂತಿಲ್ಲ.

ಲೆಕ್ಕದ ಮೇಷ್ಟ್ರು, ತುಮಕೂರು:
😂 ಇರಲಿ. ನನ್ನ ದೊಡ್ಡ ಪ್ರಶ್ನೆ ಇನ್ನೂ ಹಾಗೇ ಇದೆ. ಬ್ರ್ಯಾಂಟ್ ಅತಿ ಹೆಚ್ಚು ಗೂಡು ಮಾಡುತ್ತಿದ್ದುದು ಪಶ್ಚಿಮ ಅಲಾಸ್ಕಾದ ಯೂಕಾನ್-ಕಸ್ಕೊಕ್ವಿಮ್ ನದಿ ಮುಖದಲ್ಲಿ. ಅಲ್ಲಿ ಒಂದು ಎಣ್ಣೆ ಬಾವಿಯೂ ಇಲ್ಲ, ಆದರೂ ಅಲ್ಲಿನ ದೊಡ್ಡ ನೆಲೆಗಳು ಕುಗ್ಗಿವೆ. ಎಣ್ಣೆ ಇರುವ ನಾರ್ತ್ ಸ್ಲೋಪ್‌ನಲ್ಲಿ ಬ್ರ್ಯಾಂಟ್ ಅಷ್ಟು ಕೆಟ್ಟಿಲ್ಲ. ಇದಕ್ಕೇನು ಹೇಳ್ತೀರಿ? ಹವಾಮಾನದ್ದೇ ದೊಡ್ಡ ಕೈ ಅಂತ ನನ್ನ ಗುಮಾನಿ. ನಾರ್ತ್ ಸ್ಲೋಪ್‌ನ ಟೆಶೆಕ್‌ಪುಕ್ ಸರೋವರದ ಸುತ್ತ ಬ್ರ್ಯಾಂಟ್‌ಗಳು ಒಳನಾಡಿನ ಕೆರೆ ಬಿಟ್ಟು ಕಡಲಂಚಿಗೆ ಸರಿದಿವೆ. ಹೆಪ್ಪುಗಟ್ಟಿದ ನೆಲ ಕರಗಿ ಕುಸಿದು, ಉಪ್ಪುನೀರು ಒಳನುಗ್ಗಿ, ಅವಕ್ಕೆ ಬೇಕಾದ ಗಿಡ್ಡ ಜೇಕುಹುಲ್ಲು ಅಲ್ಲಿ ಹೆಚ್ಚಾಗಿದೆ. ಅಂದರೆ ಬಿಸಿಲೇರಿದ್ದು ಕೆಲವು ಕಡೆ ಇವಕ್ಕೆ ಲಾಭವೇ ಮಾಡಿದೆ.

ಸುಮಾ, ಶಿರಸಿ:
ಯೂಕಾನ್ ಕಡೆಯದ್ದು ಎಣ್ಣೆಯ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಮಾತು ನನ್ನ ಕಡೆಗೇ ವಾಲುತ್ತದೆ. ಪಶ್ಚಿಮದ ಮನೆ ಕೆಟ್ಟಿದ್ದರೆ ಉತ್ತರದ ಮನೆ ಇನ್ನೂ ಮುಖ್ಯ ಆಗಲಿಲ್ಲವೇ?

ಟೆಶೆಕ್‌ಪುಕ್ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ. ಗೂಡು ಕೆಟ್ಟ ಹೆಬ್ಬಾತುಗಳು, ಇನ್ನೂ ಜೋಡಿಯಾಗದವು, ಎಲ್ಲೆಲ್ಲಿಂದಲೋ ಜುಲೈನಲ್ಲಿ ಅಲ್ಲಿಗೆ ಬರುತ್ತವೆ, ಹತ್ತಾರು ಸಾವಿರ. ಕೆಲವು ವರ್ಷ ಪೆಸಿಫಿಕ್ ಕಡೆಯ ಬ್ರ್ಯಾಂಟ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ಅಲ್ಲೇ ಇದ್ದದ್ದುಂಟು. ಯಾಕೆಂದರೆ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೇ ಉದುರಿ, ಮೂರು ವಾರದಷ್ಟು ಕಾಲ ಹಾರಲಾರದ ಸ್ಥಿತಿ. ನರಿ ಕಂಡರೆ ನೀರಿಗೆ ಬೀಳುವುದೊಂದೇ ದಾರಿ. ಹಾಗಾಗಿ ಹುಲ್ಲೂ ನೀರೂ ಪಕ್ಕಪಕ್ಕದಲ್ಲಿರುವ ಜಾಗ ಬೇಕು. ಈ ಹೊತ್ತಿನಲ್ಲಿ ಹೆಲಿಕಾಪ್ಟರ್ ಬಂದರೆ ಮೇಯುವುದನ್ನು ಬಿಟ್ಟು ನೀರಿಗೆ ಓಡುತ್ತವೆ, ಹಿಂತಿರುಗಲು ಹೊತ್ತು ಹಿಡಿಯುತ್ತದೆ. ದಿನಕ್ಕೆ ಹಲವು ಸಲ ಹೀಗಾದರೆ ಹೊಸ ಗರಿ ಬೆಳೆಸಲು ಬೇಕಾದ ತೂಕ ಇಳಿಯುತ್ತದೆ ಅಂತ 1990ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಮರಿಗಳ ವಿಷಯದಲ್ಲಿ ಇದು ಇನ್ನೂ ಬಿಗಿ. ಹುಟ್ಟಿದಾಗ ಐವತ್ತು ಗ್ರಾಂ ಆಸುಪಾಸು, ಒಂದೂವರೆ ತಿಂಗಳಲ್ಲಿ ಒಂದು ಕೆ.ಜಿ. ದಾಟಿ ಹಾರಬೇಕು. ತಾಯಿ ಗುಟುಕು ಕೊಡುವುದಿಲ್ಲ, ಒಂದೆರಡು ದಿನಕ್ಕೇ ಗೂಡು ಬಿಟ್ಟು ನಡೆದು ಹೋಗಿ ತಾವೇ ಮೇಯಬೇಕು. ಅಲ್ಲಿ ರಾತ್ರಿ ಇಲ್ಲ, ಇಪ್ಪತ್ತನಾಲ್ಕು ಗಂಟೆಯೂ ಬೆಳಕು, ಅಷ್ಟೂ ಹೊತ್ತು ಮೇವಿನ ಅವಸರ. ಉಪ್ಪುಜೌಗಿನ ಆ ಹುಲ್ಲು ಬೆರಳುಗೆಣ್ಣಿನಷ್ಟು ಎತ್ತರ ಇದ್ದಾಗ ಮಾತ್ರ ಸಾರ. ಹೆಬ್ಬಾತುಗಳೇ ಮೇದು ಮೇದು ಗಿಡ್ಡ ಇಡುತ್ತವೆ, ಅವುಗಳ ಹಿಕ್ಕೆಯೇ ಅದಕ್ಕೆ ಗೊಬ್ಬರ. ಒಂದು ಬೇಸಿಗೆ ಹಿಂಡು ಹೆದರಿ ಬರದಿದ್ದರೆ ಹುಲ್ಲು ಉದ್ದ ಬೆಳೆದು ನಾರಾಗುತ್ತದೆ, ಮರಿಗೆ ಪ್ರಯೋಜನ ಇಲ್ಲ. ಆಗಸ್ಟ್ ಕೊನೆಗೆ ತೂಕ ಕಡಿಮೆ ಇದ್ದ ಮರಿ ಹಾರುತ್ತದೆ, ಆದರೆ ಮುಂದಿನ ವರ್ಷ ಮರಳಿ ಬರುವ ಸಂಭವ ಕಡಿಮೆ. ಸತ್ತದ್ದು ಎಲ್ಲೋ ಸಾವಿರಾರು ಕಿ.ಮೀ. ಆಚೆ. ನಾರ್ತ್ ಸ್ಲೋಪ್‌ನ ದಾಖಲೆಯಲ್ಲಿ ಅದು "ಹಾರಿದ ಮರಿ".

ಲೆಕ್ಕದ ಮೇಷ್ಟ್ರು, ತುಮಕೂರು:
ಈ ಕೊನೆಯ ಮಾತು ಚೆನ್ನಾಗಿದೆ, ನಾನು ಹೀಗೆ ಯೋಚಿಸಿರಲಿಲ್ಲ. ಆದರೂ ಒಂದು ಚುಚ್ಚು ಮಾತು: ಆ ಹೆಲಿಕಾಪ್ಟರ್‌ಗಳಲ್ಲಿ ಎಷ್ಟೋ ಹೆಬ್ಬಾತು ಎಣಿಸುವ ವಿಜ್ಞಾನಿಗಳದ್ದೇ ಅಲ್ಲವೇ?

ಸುಮಾ, ಶಿರಸಿ:
ಹೌದು. ನಮ್ಮವರ ಮೇಲೂ ಆ ಪಾಪ ಇದೆ.

ಪೈಪ್‌ಲೈನ್ ಪಾಟೀಲ, ಹ್ಯೂಸ್ಟನ್:
ವಿಮಾನದ ಮಾತು ಬಂತಲ್ಲ, ಆಲ್ಪೈನ್ ಕಥೆ ಹೇಳ್ತೇನಿ. ರಸ್ತೆ ಮಾಡಿದರೆ ಧೂಳು ಹಾರಿ ಪಕ್ಕದ ಹಿಮದ ಮೇಲೆ ಕೂರ್ತದೆ, ಕಪ್ಪಾದ ಹಿಮ ಬೇಗ ಕರಗ್ತದೆ. ಮೇ ತಿಂಗಳಲ್ಲಿ ಮೊದಲು ಬಂದ ಹೆಬ್ಬಾತು ನೀರು ಕಂಡು ರಸ್ತೆ ಪಕ್ಕಕ್ಕೇ ಇಳೀತಾವ, ಸುತ್ತ ಎಲ್ಲ ಬಿಳಿ. ರಸ್ತೆ ನೀರಿನ ಹರಿವಿಗೂ ಅಡ್ಡ ಬರ್ತದೆ. ಅದಕ್ಕೇ ಆಲ್ಪೈನ್ ಹೊರಗಿನ ರಸ್ತೆ ಜಾಲಕ್ಕೆ ಕೂಡಿಸದೇ ಮಾಡಿದರು. ಚಳಿಗಾಲಕ್ಕೆ ಮಂಜಿನ ರಸ್ತೆ, ಉಳಿದಾಗ ವಿಮಾನ. ನಮ್ಮ ವಲಯದಲ್ಲಿ ಅದನ್ನ ಮಾದರಿ ಅಂತ ತೋರಿಸ್ತಿದ್ದರು. ಪಕ್ಕದ ನುಯಿಕ್ಸುಟ್ ಊರಿನವರ ದೂರು ಏನು ಗೊತ್ತೇನು? ಬೇಸಿಗೆಯೆಲ್ಲ ವಿಮಾನದ ಸದ್ದು. ರಸ್ತೆ ಬಿಟ್ಟರೆ ಆಕಾಶ, ಆಕಾಶ ಬಿಟ್ಟರೆ ರಸ್ತೆ. ಇಂಜಿನಿಯರ್ ಏನು ಮಾಡಬೇಕು ಹೇಳಿ.

ಉಪ್ಪಿನಕಾಯಿ:
ಮನೇಲಿ ಇರಬೇಕು.

ಹಕ್ಕಿನೋಟ, ಮೈಸೂರು:
ನುಯಿಕ್ಸುಟ್ ಹೆಸರು ಬಂದದ್ದು ಒಳ್ಳೆಯದಾಯಿತು, ಇಷ್ಟು ಹೊತ್ತು ನಾವು ಅಲ್ಲಿ ಮನುಷ್ಯರೇ ಇಲ್ಲವೆಂಬಂತೆ ಮಾತಾಡಿದೆವು. ಅಲ್ಲಿನ ಮೂಲನಿವಾಸಿಗಳಾದ ಇನ್ಯುಪಿಯಾಟ್ ಜನರ ಊರು, ಐನೂರರಷ್ಟು ಮಂದಿ. 1973ರಲ್ಲಿ ಬ್ಯಾರೋ ಪಟ್ಟಣದಿಂದ 27 ಕುಟುಂಬಗಳು ಹಳೆಯ ನೆಲೆಗೆ ಮರಳಿ ಬಂದು ಕಟ್ಟಿದ್ದು. ಬಿಳಿಹಣೆ ಹೆಬ್ಬಾತಿಗೆ ಅವರ ಭಾಷೆಯಲ್ಲಿ ನಿಗ್ಲಿಕ್ ಅನ್ನುತ್ತಾರೆ. ಊರ ಪಕ್ಕ ಹರಿಯುವ ಕಾಲ್ವಿಲ್ ನದಿಯ ಕವಲಿನ ಹೆಸರೂ ನಿಗ್ಲಿಕ್. ಆ ಕವಲಿಗೇ ಸೇತುವೆ ಹಾಕಿ 2015ರಲ್ಲಿ ಆಚೆ ದಡದ ಹೊಸ ಬಾವಿಗಳಿಂದ ಎಣ್ಣೆ ತೆಗೆಯಲು ಶುರು ಮಾಡಿದರು. ಎಂಟು ತಿಂಗಳ ಚಳಿಯ ಮೇಲೆ ಅವರ ಒಲೆಗೆ ಬರುವ ಮೊದಲ ಹೊಸ ಮಾಂಸಗಳಲ್ಲಿ ಹೆಬ್ಬಾತೂ ಒಂದು. ವಸಂತದ ಈ ಬೇಟೆ ಬಹಳ ಕಾಲ ಕಾನೂನಿನ ಲೆಕ್ಕದಲ್ಲಿ ಅಪರಾಧವಾಗಿತ್ತು, 2003ರಲ್ಲಷ್ಟೇ ಸಕ್ರಮ ಆಯಿತು.

ಆದರೆ ಅವರೆಲ್ಲ ಎಣ್ಣೆಗೆ ವಿರುದ್ಧ ಅಂದುಕೊಳ್ಳಬೇಡಿ. ವಿಲ್ಲೋ ಯೋಜನೆಗೆ ನುಯಿಕ್ಸುಟ್‌ನ ಆಗಿನ ಮೇಯರ್ ವಿರೋಧಿಸಿದರು. ನಾರ್ತ್ ಸ್ಲೋಪ್‌ನ ಇತರ ಇನ್ಯುಪಿಯಾಟ್ ಮುಖಂಡರು ಬೇಕೇ ಬೇಕು ಅಂದರು. ಎಣ್ಣೆಯ ತೆರಿಗೆಯಿಂದಲೇ ಅಲ್ಲಿನ ಶಾಲೆ, ಆಸ್ಪತ್ರೆ, ನಲ್ಲಿ ನೀರು ಬಂದದ್ದು. ಇಲ್ಲಿ ಕೂತು ನಾವು ಯಾವ ಪಕ್ಷ ಹಿಡಿದರೂ ಅಲ್ಲಿ ಅರ್ಧ ಊರು ನಮ್ಮನ್ನು ಬೈಯುತ್ತದೆ.

ಲೆಕ್ಕದ ಮೇಷ್ಟ್ರು, ತುಮಕೂರು:
ನನ್ನ ನಿಲುವು ಈಗ ಹೀಗೆ. ಒಟ್ಟು ಹೆಬ್ಬಾತು ಕಡಿಮೆಯಾಗಿಲ್ಲ ಅನ್ನುವುದನ್ನು ಬಿಡುವುದಿಲ್ಲ. ಆದರೆ ಅದರಿಂದ ಎಣ್ಣೆ ಕೆಲಸ ನಿರಪರಾಧಿ ಅಂತ ಸಾಬೀತಾಗುವುದಿಲ್ಲ, ಅದು ಒಪ್ಪಿದೆ. ಪಾಟೀಲರ ಡಬ್ಬದ ಮುಚ್ಚಳದ ಬಗ್ಗೆ ಮಾತ್ರ ನನಗೆ ಬೇಸರ. ಎಣ್ಣೆ ಬಾವಿ ಮುಚ್ಚುವುದು ನಮ್ಮ ಕೈಯಲ್ಲಿಲ್ಲ, ಡಬ್ಬ ಮುಚ್ಚುವುದು ಯಾರಿಗೂ ಕಷ್ಟ ಇರಲಿಲ್ಲ.

ಪೈಪ್‌ಲೈನ್ ಪಾಟೀಲ, ಹ್ಯೂಸ್ಟನ್:
ಕಷ್ಟ ಇರಲಿಲ್ಲ, ನಿಜ. ನಾನೂ ಎರಡು ಸಲ ಸರಿಯಾಗಿ ಮುಚ್ಚದೆ ಓಡಿ ಬಂದೇನಿ, ಚಳಿಗೆ. ಕಸ ಹೊರಗೆ ಸಿಗದ ಹಾಗೆ ಈಗ ಎಷ್ಟೋ ಬಿಗಿ ಮಾಡಿದ್ದಾರೆ. ಆದರೆ ರೇವನ್‌ಗೆ ನಿಯಮ ಓದಿಸೋರು ಯಾರು. ಸೇತುವೆ ಮೇಲಿನ ಗೂಡು ಹೋಗಲ್ಲ, ಕಬ್ಬಿಣ ಇರೋ ತನಕ ಅದು ಇರ್ತದೆ.

ಕೆರೆದಂಡಿ ಬಸಣ್ಣ, ಗದಗ:
ಸುಮಕ್ಕಾ, ನೀವು ಮರಿ ಎಣಿಸಬೇಕು ಅಂದ್ರಿ. ನಮ್ಮ ಕೆರ್ಯಾಗ ಮರಿ ಯಾವು, ದೊಡ್ಡವು ಯಾವು ಅಂತ ಹ್ಯಾಂಗ ಗೊತ್ತಾಗತೈತಿ? ಎಲ್ಲಾ ಒಂದ ಸೈಜು ಕಾಣತಾವ.

ಸುಮಾ, ಶಿರಸಿ:
ಬಸಣ್ಣ, ನಿಮ್ಮ ಹಕ್ಕಿಯಲ್ಲಿ ಅದು ಸುಲಭ. ದೊಡ್ಡವಕ್ಕೆ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಆ ವರ್ಷ ಹುಟ್ಟಿದ್ದಕ್ಕೆ ಪಟ್ಟೆ ಇರುವುದಿಲ್ಲ, ನೆತ್ತಿಯಿಂದ ಕತ್ತಿನವರೆಗೆ ಮಾಸಲು ಕಂದು. ಚಳಿ ಕಳೆಯುತ್ತಾ ಬಂದಂತೆ ಅವಕ್ಕೂ ಪಟ್ಟೆ ಮೂಡುತ್ತದೆ, ಹಾಗಾಗಿ ಬಂದ ಹೊಸತರಲ್ಲೇ ಎಣಿಸಿ. ಅಲಾಸ್ಕಾದಲ್ಲೂ ಹೀಗೇ ಮಾಡುತ್ತಾರೆ. ಶರತ್ಕಾಲದಲ್ಲಿ ಬ್ರ್ಯಾಂಟ್‌ಗಳು ಬಹುತೇಕ ಎಲ್ಲವೂ ಇಜೆಂಬೆಕ್ ಅನ್ನುವ ಒಂದೇ ಹಿನ್ನೀರಿನಲ್ಲಿ ಸೇರುತ್ತವೆ, ಅಲ್ಲಿ ದುರ್ಬೀನು ಹಿಡಿದು ನೂರು ಹಕ್ಕಿಗೆ ಮರಿ ಎಷ್ಟು ಅಂತ ನೋಡುತ್ತಾರೆ. ಹೆಲಿಕಾಪ್ಟರ್ ಬೇಕಿಲ್ಲ, ಮೇಷ್ಟ್ರು ಗಮನಿಸಲಿ.

ಕೆರೆದಂಡಿ ಬಸಣ್ಣ, ಗದಗ:
ಹಂಗಾರ ನಾಳೆ ಮುಂಜಾನೆ ಹೊಕ್ಕೀನಿ. ಆದ್ರ ಹಗಲ ಹೊತ್ತು ಅರ್ಧಕ್ಕರ್ಧ ತಲಿ ರೆಕ್ಕ್ಯಾಗ ಹುಗಿಸಿಕೊಂಡು ಮಲಗಿರ್ತಾವಲ್ರಿ. ತಲೀನ ಕಾಣಂಗಿಲ್ಲ ಅಂದ್ರ ಪಟ್ಟಿ ಹ್ಯಾಂಗ ಎಣಸೂದು?

ಸುಮಾ, ಶಿರಸಿ:
ಬೆಳಗಿನ ಜಾವ ಹೋಗಿ. ಹೊಲದಿಂದ ತಿರುಗಿ ಬಂದು ನೀರಿಗೆ ಇಳಿದ ಮೇಲೆ ಸ್ವಲ್ಪ ಹೊತ್ತು ಕತ್ತು ಎತ್ತಿಕೊಂಡೇ ಇರುತ್ತವೆ. ಸೂರ್ಯ ಬೆನ್ನಿಗೆ ಬರುವ ಹಾಗೆ ಕಟ್ಟೆಯ ಮೂಡಣ ಬದಿಗೆ ನಿಲ್ಲಿ. ನಾಯಿ ಕರೆದೊಯ್ಯಬೇಡಿ.

ಉಪ್ಪಿನಕಾಯಿ:
ಬಸಣ್ಣ, ಎಣಿಸಿ ಇಲ್ಲೇ ಹಾಕಿ. ನಾನೂ ನೋಡ್ತೀನಿ.